ಏನೂ ಬಂದಿಲ್ಲ ಅನ್ನುತ್ತಿದ್ದ ಸಾಹೇಬರು

ಹೋದ ವಾರ ವಿಜಯಪುರದ ಜಲನಗರದಲ್ಲಿ, ಅರ್ಜಿ ತುಂಬಿಕೊಡುವ ನನ್ನ ಅಂಗಡಿಯ ಮುಂದೆ ಒಂದು ಟಂಟಂ ಗಾಡಿ ಬಂದು ನಿಂತಿತು. ಅದರ ತುಂಬ ಡ್ರಿಪ್ ಪೈಪಿನ ಹೊಸ ಸುರುಳಿಗಳು. ಗಾಡಿಯವನು ಎದುರಿನ ಹೋಟೆಲಿಗೆ ಚಹಾ ಕುಡಿಯಲು ಹೋದ, ಸುರುಳಿಗಳು ಬಿಸಿಲಿಗೆ ಕಾಯುತ್ತ ಕೂತವು. ಸ್ವಲ್ಪ ಹೊತ್ತಿಗೆ ವಾಸನೆ ಒಳಗೆ ಬಂತು. ಕಾದ ಕರಿ ಪ್ಲಾಸ್ಟಿಕ್ಕಿನ ವಾಸನೆ, ಮೂಗಿಗೆ ಹತ್ತಿದರೆ ಬಿಡದಂಥದ್ದು... ನಾನು ಯಾರದೋ ಆದಾಯ ಪ್ರಮಾಣಪತ್ರದ ಅರ್ಜಿ ತುಂಬುತ್ತಿದ್ದೆ. ಕೈ ನಿಂತುಹೋಯಿತು. ಹೊರಗೆ ಹೋಗಿ ಗಾಡಿಯವನನ್ನು ಕೂಗಿ, ಬೇರೆ ಕಡೆ ನಿಲ್ಲಿಸಪ್ಪಾ ಅಂದೆ. ನನ್ನ ದನಿ ಕೇಳಿ ಅವನು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದ. ಅವನದೇನು ತಪ್ಪು ಪಾಪ.

ಆ ವಾಸನೆಯಲ್ಲಿ ನಾನು ಕೆಲವು ವರ್ಷ ದುಡಿದಿದ್ದೇನೆ. ಸೊಲ್ಲಾಪುರ ರಸ್ತೆಯಲ್ಲಿ ಡ್ರಿಪ್ ಪೈಪು, ಸ್ಪ್ರೇ ಪಂಪು, ಮೋಟರಿನ ಸಾಮಾನು ಮಾರುವ ದೊಡ್ಡ ಅಂಗಡಿ ಅದು. ಅದರ ಮಾಲೀಕರನ್ನು ತಿಕೋಟಾದಿಂದ ಬಬಲೇಶ್ವರದ ತನಕ ಎಲ್ಲರೂ ಸಾಹೇಬರು ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ. ಸಿಟ್ಟು ಬಂದಾಗ ಏಕವಚನ ಬಾಯಿಗೆ ಬರುತ್ತದೆ, ಬರೆಯಲು ಕೂತರೆ ಮಾತ್ರ ಕೈ ಒಪ್ಪುವುದಿಲ್ಲ.

ಸಾಹೇಬರು ತೀರಿಹೋಗಿ ವರ್ಷವಾಗುತ್ತ ಬಂತು. ಮೊನ್ನೆ ಅವರ ಮಗ ಫೋನ್ ಮಾಡಿದ್ದ. "ಅಕ್ಕಾರ, ಅಪ್ಪಾರ ವರ್ಷದ ತಿಥಿ ಬಂತ್ರಿ. ಒಂದು ಸಣ್ಣ ಪುಸ್ತಕ ಮಾಡಾಕತ್ತೀವಿ. ಅವರ ಕೂಡ ಕೆಲಸ ಮಾಡಿದವರು ನೀವು, ಒಂದು ಪುಟ ನೆನಪು ಬರದು ಕೊಡ್ರಿ" ಅಂದ. ಒಳ್ಳೆಯ ಹುಡುಗ. ಹೂಂ ಅಂದುಬಿಟ್ಟೆ. ಅವರು ಹೋದಾಗ ರಸ್ತೆಯ ಉದ್ದಕ್ಕೂ ಬ್ಯಾನರ್ ಕಟ್ಟಿದ್ದರು, ದೊಡ್ಡ ಫೋಟೋ, ಕೆಳಗೆ 'ಬಡವರ ಬಂಧು' ಅಂತ ಕೆಂಪು ಅಕ್ಷರ. ಪುಸ್ತಕದಲ್ಲೂ ಎಲ್ಲರೂ ಅದನ್ನೇ ಬರೆಯುತ್ತಾರೆ. ನನಗೆ ಬರೆಯಲು ಬರುವುದು ಬೇರೆ. ಮಗ ಅಚ್ಚು ಹಾಕಲಿ, ಬಿಡಲಿ, ಅವನಿಗೆ ಬಿಟ್ಟದ್ದು.

ಮೊದಲು ಅವರ ಒಳ್ಳೆಯದನ್ನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಪ್ಪು ತಿಂದ ಮನೆಗೆ ಎರಡು ಬಗೆದಳು ಅನ್ನುತ್ತಾರೆ. ನನ್ನೂರು ಬಬಲೇಶ್ವರ. ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದೆ, ಅಪ್ಪ ವರ ನೋಡುತ್ತಿದ್ದರು. ನಮ್ಮ ದ್ರಾಕ್ಷಿ ತೋಟಕ್ಕೆ ಪೈಪು ಹಾಕಿಸಲು ಬಂದಿದ್ದ ಸಾಹೇಬರು ನಾನು ಬಿಲ್ಲು ಓದಿ ಲೆಕ್ಕ ಹೇಳಿದ್ದನ್ನು ನೋಡಿದರು. ಅಲ್ಲೇ ಪಡಸಾಲೆಯಲ್ಲಿ ಕೂತು ಅಪ್ಪನಿಗೆ ಅಂದರು, "ಹುಡುಗಿ ಶಾಣ್ಯಾ ಅದಾಳ. ಮನ್ಯಾಗ ಕುಂಡ್ರಿಸಿ ಏನ್ ಮಾಡ್ತೀಯೋ ಮಾರಾಯಾ? ನನ್ನ ಅಂಗಡಿಗಿ ಕಳಸು, ನನ್ನ ಮಗಳಂಗ ನೋಡ್ಕೋತೀನಿ." ಹಾಗೇ ನೋಡಿಕೊಂಡರು ಕೂಡ. ಕಂಪ್ಯೂಟರಿನಲ್ಲಿ ಬಿಲ್ಲು ಮಾಡುವುದು ಕಲಿತದ್ದು ಅಲ್ಲಿ, ಗಿರಾಕಿಯ ಜೊತೆ ನೆಟ್ಟಗೆ ನಿಂತು ಮಾತಾಡುವುದು ಕಲಿತದ್ದೂ ಅಲ್ಲಿ. ಮಧ್ಯಾಹ್ನ ಅವರ ಮನೆಯಿಂದ ಬಂದ ಡಬ್ಬಿಯಲ್ಲಿ ನನಗೂ ಒಂದು ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ ಇರುತ್ತಿತ್ತು. ಇದೆಲ್ಲ ಖರೆ.

ಅಂಗಡಿಯಲ್ಲಿ ಇದ್ದದ್ದು ಒಂದು ಈಮೇಲ್. ಕಂಪನಿಗಳ ರೇಟು, ಆರ್ಡರು ಎಲ್ಲ ಅದಕ್ಕೇ ಬರುತ್ತಿದ್ದವು. ಸಾಹೇಬರ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಮೇಲ್ ನೋಡುವ ಪ್ರೋಗ್ರಾಮ್ ಹಾಕಿದ್ದರು, ಬೆಳಿಗ್ಗೆ ಅದನ್ನು ತೆರೆದರೆ ರಾತ್ರಿ ಅಂಗಡಿ ಮುಚ್ಚುವಾಗಲೇ ಮುಚ್ಚುವುದು. ಆಗ ಎಲ್ಲ ಅರ್ಜಿಗಳೂ ಆನ್‌ಲೈನ್ ಆಗತೊಡಗಿದ್ದವು. ಸಬ್ಸಿಡಿಗೆ ಅರ್ಜಿ, ಮಕ್ಕಳ ಹಾಸ್ಟೆಲ್ಲಿಗೆ ಅರ್ಜಿ, ಯಾವುದೇ ಇರಲಿ, ಈಮೇಲ್ ಯಾವುದು ಅಂತ ಒಂದು ಖಾನೆ. ರೈತರ ಹತ್ತಿರ ಎಲ್ಲಿಂದ ಬರಬೇಕು? ಸಾಹೇಬರು ಒಬ್ಬರಿಗೆ, "ನಮ್ಮ ಅಂಗಡೀದ ಕೊಡು, ನಂದೇನ್ ಗಂಟ ಹೋಗ್ತದ?" ಅಂದರು. ಆಮೇಲೆ ಅದೇ ರೂಢಿಯಾಯಿತು. ತಿಕೋಟಾ ಕಡೆಯವರು, ಅರಕೇರಿಯವರು, ನಮ್ಮೂರಿನವರು, ಅರ್ಧ ತಾಲ್ಲೂಕಿಗೆ ನಮ್ಮ ಅಂಗಡಿಯದೇ ಈಮೇಲ್. ಓದಲು ಬಾರದವರಿಗೂ ಅದು ಬಾಯಿಪಾಠ. ಸಂತೆಗೆ ಬಂದವರು ಮೆಟ್ಟಿಲ ಹತ್ತಿರ ನಿಂತು, "ಸಾಹೇಬ್ರ, ನಮ್ಮದೇನರ ಬಂದೈತೇನ್ರಿ?" ಅಂತ ಕೇಳುವುದು, ಸಾಹೇಬರು ಕನ್ನಡಕ ಏರಿಸಿ ಪರದೆಯ ಮೇಲೆ ಬೆರಳು ಆಡಿಸಿ ಹೇಳುವುದು. ಬಂದಿದ್ದರೆ ಪ್ರಿಂಟ್ ತೆಗೆದು, ಓದಿ ಅರ್ಥ ಹೇಳಿ ಕೈಗೆ ಕೊಡುತ್ತಿದ್ದರು. ಆ ಹೊತ್ತಿನಲ್ಲಿ ಅವರ ಮುಖ ನೋಡಬೇಕಿತ್ತು. ಊರಗೌಡರಿಗೂ ಅಷ್ಟು ಗತ್ತು ಇರಲಿಲ್ಲ.

ಹೀಗಿರುವಾಗ ಒಂದು ದಿನ ಅವರು ಮೋಸಹೋದರು. ಪಾರ್ಸೆಲ್ ನಿಂತಿದೆ, ಇಲ್ಲಿ ಒತ್ತಿ ಅಂತ ಒಂದು ಕಳ್ಳ ಮೇಲ್ ಬಂದಿತ್ತು. ಒತ್ತಿದರು. ಮರುದಿನ ಅಂಗಡಿಯ ಹೆಸರಿನಿಂದ ಎಲ್ಲ ಕಂಪನಿಗಳಿಗೂ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು ಹೋಗಿತ್ತು. ಸೊಲ್ಲಾಪುರದ ಡೀಲರು ಫೋನ್ ಮಾಡಿ, "ಏನ್ ಸಾಹೇಬ್ರ, ಎಣ್ಣಿ ಧಂಧೆ ಚಾಲೂ ಮಾಡೀರೇನ? ಮೊದಲ ನೀವ ಹಚ್ಕೊಂಡು ತೋರಸ್ರಿ" ಅಂದ. ಫೋನು ಸ್ಪೀಕರಿನಲ್ಲಿತ್ತು. ಸಾಹೇಬರ ತಲೆ ಪೂರ್ತಿ ಬೋಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕೆವು. ಅವರು ನಗಲಿಲ್ಲ. ಅಂದಿನಿಂದ ಪಾಸ್‌ವರ್ಡ್ ಬದಲಿಸಿ, ಕಂಪ್ಯೂಟರಿಗೂ ಒಂದು ಹಾಕಿ, ಯಾರಿಗೂ ಹೇಳದೆ ಇಟ್ಟುಕೊಂಡರು.

ಮರುದಿನ ಬೆಳಿಗ್ಗೆ ಗಿರಾಕಿಗಳು ಬರುವ ಮೊದಲೇ ಕೂತು, ಮೇಲ್ ಪ್ರೋಗ್ರಾಮಿನ ಒಂದೊಂದೇ ಮೆನು ತೆರೆದು ಓದಿದರು. ಜಂಕ್ ಅಂತ ಒಂದು ಕಡೆ ಇತ್ತು. ಅಲ್ಲಿ ಬೇಡದ ಮೇಲ್‌ಗಳನ್ನು ಎಷ್ಟು ಬಿಗಿಯಾಗಿ ತಡೆಯಬೇಕು ಅಂತ ಆರಿಸಬಹುದು. ಸಡಿಲ, ಬಿಗಿ, ಎಲ್ಲಕ್ಕಿಂತ ಕೆಳಗೆ ತೀರ ಬಿಗಿ, ಅಂದರೆ ನಾವು ಹೆಸರು ಬರೆದುಕೊಟ್ಟವರದು ಮಾತ್ರ ಒಳಗೆ. ಸಾಹೇಬರು ಅದನ್ನೇ ಒತ್ತಿದರು. ಕಂಪನಿಗಳನ್ನು ಬರೆದರು, ಬ್ಯಾಂಕನ್ನು ಬರೆದರು, ಬೀಗರ ಅಳಿಯನನ್ನೂ ಬರೆದರು. "ಗುರ್ತ ಇದ್ದವರಷ್ಟ ಒಳಗ. ಉಳಿದವರು ಹಾದಿ ಹಿಡೀಲಿ" ಅಂದರು.

ನಾನು ಪಕ್ಕದಲ್ಲೇ ಇದ್ದೆ. "ಸಾಹೇಬ್ರ, ಮಂದೀವು ಬರ್ತಾವಲ್ರಿ, ಅರ್ಜಿ ಹಾಕಿದವರವು? ಅವೂ ಹೊರಗ ಹೋಗ್ತಾವ" ಅಂದೆ.

"ಜಂಕಿನ್ಯಾಗ ಬಿದ್ದಿರ್ತಾವ ತೊಗೋ. ನಾ ನೋಡ್ತೀನಲ್ಲ. ನೀ ನಿನ್ನ ಬಿಲ್ ಮಾಡು."

ಇದರಲ್ಲಿ ತಪ್ಪಿಲ್ಲ ಅಂತ ಯಾರಾದರೂ ಅನ್ನಬಹುದು. ಕಳ್ಳ ಮೇಲ್ ತಡೆಯುವುದು ತಪ್ಪಲ್ಲ. ನನ್ನ ಅಂಗಡಿಯಲ್ಲೂ ತಡೆಯುತ್ತೇನೆ. ಆದರೆ ಗುರುತಿಲ್ಲದವರು ಬಂದರೆ ನಮ್ಮ ಕಡೆ ಕಟ್ಟೆಯ ಮೇಲೆ ಕೂರಿಸಿ, ನೀರು ಕೊಟ್ಟು, ಯಾವೂರು, ಯಾರ ಪೈಕಿ ಅಂತ ಕೇಳುತ್ತಾರೆ. ಜಂಕ್ ಫೋಲ್ಡರ್ ಇರುವುದೂ ಅದಕ್ಕೇ. ಅಲ್ಲಿ ಕೂತವರನ್ನು ದಿನಕ್ಕೊಮ್ಮೆ ಹೋಗಿ ಮಾತಾಡಿಸಬೇಕು, ನಮ್ಮವರಾದರೆ ಒಳಗೆ ಕರೆಯಬೇಕು. ಸಾಹೇಬರು ಮಾತಾಡಿಸಲಿಲ್ಲ. ಇನ್‌ಬಾಕ್ಸ್ ತೆರೆದು, "ನೋಡಬೇ, ಹೆಂಗ ಸ್ವಚ್ಛ ಅದ, ಸಾರಿಸಿದ ಅಂಗಳ ಇದ್ದಂಗ" ಅಂತ ಖುಷಿಪಡುತ್ತಿದ್ದರು.

ಅದೂ ಹೋಗಲಿ. ಮಂದಿಗೆ ಹೇಳಬಹುದಿತ್ತು. ಇನ್ನು ಮೇಲೆ ನಮ್ಮ ಈಮೇಲ್ ಕೊಡಬೇಡ್ರಪ್ಪಾ, ಮೊದಲು ಕೊಟ್ಟವರು ಬೇರೆ ಮಾಡಿಸಿಕೊಳ್ಳಿ ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಅಂದರೆ ಯಾಕೆ ಅಂತ ಕೇಳುತ್ತಾರೆ, ಕೂದಲೆಣ್ಣೆಯ ಕತೆ ಹೇಳಬೇಕಾಗುತ್ತದೆ. ಜೊತೆಗೆ ಮೆಟ್ಟಿಲ ಹತ್ತಿರ ನಿಂತು ಕೇಳುವ ಆ ಮಂದಿ ಇನ್ನೊಬ್ಬರ ಮೆಟ್ಟಿಲಿಗೆ ಹೋಗುತ್ತಾರೆ. ಅದು ಅವರಿಗೆ ಬೇಡವಾಗಿತ್ತು. ಹಾಗಾಗಿ ಮಂದಿ ಬರುತ್ತಲೇ ಇದ್ದರು, ಕೇಳುತ್ತಲೇ ಇದ್ದರು. ಸಾಹೇಬರು ಪರದೆ ನೋಡಿ, ಕೆಲವು ಸಲ ಅದನ್ನೂ ನೋಡದೆ, "ಏನೂ ಬಂದಿಲ್ಲ" ಅನ್ನುತ್ತಿದ್ದರು.

ಹಾಗೆ ಕೇಳಲು ಬರುತ್ತಿದ್ದವರಲ್ಲಿ ಅರಕೇರಿಯ ಒಬ್ಬ ಅಕ್ಕ ಇದ್ದಳು. ಗಂಡ ಕುರಿ ಹಿಂದೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮನೆಗೆಲ್ಲ ಇದ್ದದ್ದು ಒಂದೇ ಫೋನು, ಅದು ಅವನ ಹತ್ತಿರ, ಅದಕ್ಕೂ ಚಾರ್ಜು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅಕ್ಕನ ಸೊಂಟದ ಮೇಲೆ ಒಂದು ಹೆಣ್ಣುಕೂಸು. ಇಳಿಸಿದರೆ ನಮ್ಮ ಡಬ್ಬಿಯಲ್ಲಿದ್ದ ಪೈಪು ಜೋಡಿಸುವ ತುಣುಕುಗಳನ್ನು ತೆಗೆದು, ಕರಿ, ಕೆಂಪು ಬೇರೆ ಬೇರೆ ಸಾಲು ಹಚ್ಚುತ್ತಿತ್ತು. ಒಮ್ಮೆ ಹಿಂದಿನ ಗೋದಾಮಿನ ಶಟರು ಜಾರಿ ಧಡ್ ಅಂತ ಬಿತ್ತು. ನಾವೆಲ್ಲ ಹೌಹಾರಿದೆವು. ಕೂಸು ತಲೆ ಎತ್ತದೆ ಕೆಂಪು ತುಣುಕು ಹುಡುಕುತ್ತಿತ್ತು. ಅಕ್ಕ ನನ್ನ ಮುಖ ನೋಡಿ, "ಆಕಿಗಿ ಕೇಳ್ಸೂದಿಲ್ರಿ ತಂಗಿ" ಅಂದಳು.

ವಿಜಯಪುರದಲ್ಲಿ ಯಾವುದೋ ಶಿಬಿರದಲ್ಲಿ ಡಾಕ್ಟರು ನೋಡಿದ್ದರಂತೆ. ದೂರದ ಊರಿನ ಒಂದು ಧರ್ಮದ ಆಸ್ಪತ್ರೆಯಲ್ಲಿ ಕಿವಿಯ ಒಳಗೆ ಯಂತ್ರ ಕೂಡಿಸುತ್ತಾರೆ, ಬಡವರಿಗೆ ಪುಕ್ಕಟೆ. ಆದರೆ ಸಣ್ಣ ಮಕ್ಕಳಿಗೆ ಮಾತ್ರ, ದೊಡ್ಡವರಾದ ಮೇಲೆ ಹಾಕಿದರೆ ಮಾತು ಕಲಿಯುವುದು ಕಷ್ಟ. ಅರ್ಜಿ ಹಾಕಿ ಪಾಳಿ ಕಾಯಬೇಕು. ಪಾಳಿ ಬಂದಾಗ ತಿಳಿಸುತ್ತಾರೆ, ಬರುತ್ತೇವೆ ಅಂತ ತಿರುಗಿ ತಿಳಿಸದಿದ್ದರೆ ಮುಂದಿನ ಮಗುವಿಗೆ ಹೋಗುತ್ತದೆ. ಆ ಅರ್ಜಿ ತುಂಬಿದ್ದು ನಾನೇ, ಅಂಗಡಿಯಲ್ಲೇ, ಕೂದಲೆಣ್ಣೆಯ ಗದ್ದಲಕ್ಕೆ ಮೊದಲು. ಗಂಡನ ಫೋನ್ ನಂಬರು ಬರೆದೆವು. ಈಮೇಲ್ ಖಾನೆ ಬಂದಾಗ ಸಾಹೇಬರೇ ಒಂದೊಂದು ಅಕ್ಷರ ಹೇಳಿ ಬರೆಸಿದರು. "ಚಿಂತಿ ಮಾಡಬ್ಯಾಡಬೇ, ನಿನ್ನ ಮಗಳು ಮಾತಾಡ್ತಾಳ, ಮೊದಲ ನನಗ ಸಾಹೇಬ್ರ ಅಂತಾಳ ನೋಡು" ಅಂದರು. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆಮೇಲೆ ಅವಳು ಸಂತೆಗೆ ಬಂದಾಗಲೆಲ್ಲ ಬರುತ್ತಿದ್ದಳು. ಚಪ್ಪಲಿ ಹೊರಗೆ ಬಿಟ್ಟು ಮೆಟ್ಟಿಲ ಕೆಳಗೆ ನಿಲ್ಲುವಳು. "ಸಾಹೇಬ್ರ, ಕೂಸಿಂದೇನರ ಬಂತೇನ್ರಿ?"

"ಏನೂ ಬಂದಿಲ್ಲಬೇ. ಬಂದ್ರ ಹೇಳಿ ಕಳಸ್ತೀನಿ."

ಪೇಪರಿನಿಂದ ತಲೆ ಎತ್ತದೆ ಹೇಳುತ್ತಿದ್ದರು. ಅವಳು ಹೋದ ಮೇಲೆ ನಾನು, "ಜಂಕ್ ಒಮ್ಮೆ ನೋಡ್ರಿ ಸಾಹೇಬ್ರ" ಅಂದರೆ, "ನೋಡೀನಿ" ಅನ್ನುವರು. ಪಾಸ್‌ವರ್ಡ್ ಕೊಡ್ರಿ, ನಾನು ನೋಡುತ್ತೇನೆ ಅಂದಾಗ ಒಮ್ಮೆ ರೇಗಿದರು. "ನನ್ನ ಮ್ಯಾಲ ನಂಬಿಕಿ ಇಲ್ಲೇನ ನಿನಗ?" ಅಂದರು. ಮಗಳಂತೆ ನೋಡಿಕೊಂಡವರು ಹಾಗೆ ಕೇಳಿದ ಮೇಲೆ ನಾನು ಮತ್ತೆ ಬಿಲ್ಲು ಮಾಡಲು ಕೂತೆ. ಕೂಸು ಬೆಳೆಯುತ್ತಿತ್ತು. ಸೊಂಟದಿಂದ ಇಳಿದು ಅವ್ವನ ಬೆರಳು ಹಿಡಿದು ನಡೆದುಕೊಂಡು ಬರತೊಡಗಿತು. ಅಕ್ಕ ಪ್ರತಿಸಲ ಅದರ ಎತ್ತರ ನೋಡಿ ನೋಡಿ ಕೇಳುತ್ತಿದ್ದಳು. "ಸಣ್ಣಾಕಿ ಇದ್ದಾಗ ಆಗಬೇಕಂತ್ರಿ, ತಡಾ ಆದ್ರ ತೊಗೊಳ್ಳೂದಿಲ್ಲಂತ." ಸಾಹೇಬರು, "ಸರಕಾರಿ ಕೆಲಸ ಇದ್ದಂಗ ಇರ್ತದಬೇ, ತಡಾ ಆಗೂದ" ಅಂತ ಸಮಾಧಾನ ಹೇಳುತ್ತಿದ್ದರು. ಆಸ್ಪತ್ರೆಯವರ ಮೇಲೆ ಹಾಕಿಬಿಟ್ಟರು ನೋಡಿ, ಎಷ್ಟು ಸಲೀಸು.

ಮರುವರ್ಷ ಅದೇ ಶಿಬಿರ ಮತ್ತೆ ಬಂತು. ಅಕ್ಕ ಕೂಸನ್ನು ಕರೆದುಕೊಂಡು ಹೋದಳು. ಅಲ್ಲಿಂದ ನೆಟ್ಟಗೆ ನಮ್ಮ ಅಂಗಡಿಗೆ ಬಂದಳು. ಅವತ್ತು ಮಾತ್ರ ಚಪ್ಪಲಿ ಬಿಡಲಿಲ್ಲ, ಮೆಟ್ಟಿಲ ಕೆಳಗೆ ನಿಲ್ಲಲೂ ಇಲ್ಲ, ಒಳಗೆ ಬಂದು ಸಾಹೇಬರ ಮೇಜಿನ ಮುಂದೆ ನಿಂತಳು. ತಿಕೋಟಾದ ಇಬ್ಬರು ರೈತರು ಪಂಪು ನೋಡುತ್ತಿದ್ದರು.

"ಸಾಹೇಬ್ರ, ಎರಡು ಸಲ ಕಳಿಸ್ಯಾರಂತ್ರಿ ನಿಮ್ಮ ಅಂಗಡಿಗಿ. ಫೋನೂ ಮಾಡಿದ್ರಂತ, ಹತ್ತಿಲ್ಲಂತ. ಶಿಬಿರದ ನರ್ಸ್ ಬಾಯಾರು ಕಂಪ್ಯೂಟರನ್ಯಾಗ ನನಗ ತೋರ್ಸಿದ್ರು. ಪಾಳಿ ಬಂದು ಹೋಗೇತಂತ್ರಿ. ಈಗ ವಯಸ್ಸ ದಾಟೇತಿ, ತೊಗೊಳ್ಳೂದಿಲ್ಲಂತಾರ."

ಸಾಹೇಬರ ಮುಖ ಒಂದು ಕ್ಷಣ ಇಳಿಯಿತು. ನಾನು ನೋಡಿದೆ. ಅಲ್ಲೇ ತಪ್ಪಾಯಿತು ಅಂದಿದ್ದರೆ ನಾನು ಈ ಪುಟ ಬೇರೆ ಥರ ಬರೆಯುತ್ತಿದ್ದೆ. ಅವರು ರೈತರ ಕಡೆ ನೋಡಿದರು, ಗಂಟಲು ಸರಿಮಾಡಿಕೊಂಡರು. "ಸುಳ್ಳ ಹೇಳ್ತಾರಬೇ ಅವರು. ಬಾ, ನಿನ್ನ ಮುಂದ ತೆಗದು ತೋರಸ್ತೀನಿ." ಮೇಲ್ ತೆರೆದರು. ಇನ್‌ಬಾಕ್ಸಿನಲ್ಲಿ ಇಲ್ಲ. ಜಂಕ್ ಫೋಲ್ಡರ್ ತೆರೆದರು. ಅದು ಪೂರ್ತಿ ಖಾಲಿ ಇತ್ತು. "ನೋಡು, ಕಸಾನೂ ಇಲ್ಲ. ಬಂದಿದ್ರ ಇಲ್ಲಿ ಇರ್ತಿತ್ತು" ಅಂದರು, ಗೆದ್ದವರ ಹಾಗೆ.

ನನಗೆ ಅಲ್ಲೇ ತಲೆ ಕೆಟ್ಟಿತು. ಊರಿಗೆಲ್ಲ ಬರುವ ಕಳ್ಳ ಮೇಲ್ ಈ ಅಂಗಡಿಗೆ ಒಂದೂ ಬಂದಿಲ್ಲ ಅಂದರೆ ಏನರ್ಥ? ಅವರ ಕೈಯಿಂದ ಮೌಸ್ ಕಸಿದುಕೊಂಡೆ. ಹೌದು, ಕಸಿದುಕೊಂಡೆ. ಜಂಕಿನ ಸೆಟ್ಟಿಂಗ್ ತೆರೆದೆ. ತೀರ ಬಿಗಿ ಅನ್ನುವುದರ ಕೆಳಗೆ ಇನ್ನೊಂದು ಸಾಲಿತ್ತು. ತಡೆದ ಮೇಲ್‌ಗಳನ್ನು ಜಂಕ್ ಫೋಲ್ಡರಿಗೂ ಹಾಕದೆ ಕಾಯಂ ಅಳಿಸಿಬಿಡು ಅಂತ. ಅದರ ಮುಂದೆ ಟಿಕ್. ಆ ಟಿಕ್ ತಾನಾಗಿ ಬರುವುದಿಲ್ಲ, ಯಾರೋ ಕೈಯಾರೆ ಒತ್ತಬೇಕು. ಆ ಕಂಪ್ಯೂಟರಿನ ಪಾಸ್‌ವರ್ಡ್ ಗೊತ್ತಿದ್ದವರು ಒಬ್ಬರೇ.

"ಯಾವಾಗ ಒತ್ತೀರಿ ಇದನ್ನ?" ಅಂತ ಕೇಳಿದೆ.

"ಜಂಕಿನ್ಯಾಗೂ ಹೊಲಸ ತುಂಬಿತ್ತು. ದಿನಾ ಯಾರು ಬಳೀಬೇಕು?" ಅಂದರು. ಆಮೇಲೆ ದನಿ ಏರಿಸಿ, "ಕಂಪ್ಯೂಟರ್ ಅಳಸಿದ್ರ ನಾ ಏನ್ ಮಾಡ್ಲಿ?"

ಅಕ್ಕನಿಗೆ ಸೆಟ್ಟಿಂಗು ತಿಳಿಯದು, ಟಿಕ್ ತಿಳಿಯದು. ಅವಳಿಗೆ ತಿಳಿದದ್ದು ಬೇರೆ. ಸಾಹೇಬರ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದಳು, "ಹಂಗಾರ, ನಾ ಬಂದಾಗೊಮ್ಮೆ ಏನೂ ಬಂದಿಲ್ಲ ಅಂತಿದ್ರಲ್ಲ... ನೋಡಲಾರದ ಹೇಳ್ತಿದ್ರೇನ್ರಿ ಯಪ್ಪಾ?"

ಸಾಹೇಬರು ರೈತರಿಗೆ ಪಂಪಿನ ರೇಟು ಹೇಳತೊಡಗಿದರು. ನಾನು ಡಬ್ಬಿ ತೆಗೆದುಕೊಂಡು, ಬಿಲ್ಲಿನ ಕೆಲಸ ಅರ್ಧಕ್ಕೆ ಬಿಟ್ಟು ಬಬಲೇಶ್ವರದ ಬಸ್ಸು ಹತ್ತಿದೆ. ಮತ್ತೆ ಹೋಗಲಿಲ್ಲ. ಅಪ್ಪ ನನ್ನನ್ನೇ ಬೈದರು, ದೊಡ್ಡವರ ಕೈಯಿಂದ ಕಸಿದುಕೊಂಡೆಯಲ್ಲ ಅಂತ.

ಸಾಹೇಬರು ಆಮೇಲೆ ಅಕ್ಕನ ಮನೆಗೆ ಆಳಿನ ಕೈಲಿ ಒಂದು ಹೊಸ ಸ್ಪ್ರೇ ಪಂಪು ಕಳಿಸಿದರಂತೆ. ಕುರಿ ಕಾಯುವವರ ಮನೆಗೆ ದ್ರಾಕ್ಷಿಗೆ ಔಷಧ ಹೊಡೆಯುವ ಪಂಪು. ಹುಟ್ಟಿದಾಗಿನಿಂದ ಕೊಡುವುದು ಗೊತ್ತಿತ್ತು ಅವರಿಗೆ, ಎಲ್ಲರಿಗೂ ಕೊಟ್ಟರು. ತಪ್ಪಾಯಿತು ಅನ್ನುವ ಒಂದು ಮಾತು ಮಾತ್ರ ಕೊಡಲಾಗಲಿಲ್ಲ. ನನ್ನನ್ನು ಎಲ್ಲಾದರೂ ಕಂಡರೆ, "ಆರಾಮ ಅದಿಯೇನಬೇ?" ಅಂತ ಕೇಳಿ, ನಾನು ಉತ್ತರ ಕೊಡುವ ಮೊದಲೇ ಗಾಡಿ ಚಾಲೂ ಮಾಡುತ್ತಿದ್ದರು.

ಅವರು ಹೋದ ಸುದ್ದಿ ಬಂದಾಗ ಹೋಗಬಾರದು ಅಂದುಕೊಂಡೆ. ಹೋದೆ. ಮುಖದ ಮೇಲಿನ ಬಟ್ಟೆ ಸರಿಸಿದಾಗ ಆ ಪಡಸಾಲೆ ನೆನಪಾಯಿತು, ಹುಡುಗಿ ಶಾಣ್ಯಾ ಅದಾಳ ಅಂದದ್ದು... ಅತ್ತುಬಿಟ್ಟೆ. ಮನೆಗೆ ಬಂದ ಮೇಲೆ ಅತ್ತದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಇನ್ನು ತಪ್ಪಾಯಿತು ಅನ್ನುವ ಆ ಮಾತು ಯಾರ ಬಾಯಿಂದ ಕೇಳಬೇಕು? ಹೇಳಬೇಕಾದವರು ಹೋದರು. ಜಗಳವಾಡಲಾದರೂ ಒಬ್ಬರು ಇರಬೇಕಿತ್ತು.

ಮಗನ ಫೋನು ಬಂದ ಮರುದಿನವೇ ಅಕ್ಕ ನನ್ನ ಅಂಗಡಿಗೆ ಬಂದಳು, ಮಗಳನ್ನು ಕರೆದುಕೊಂಡು. ಅಂಗವಿಕಲರ ಕಾರ್ಡು ಹೊಸದು ಮಾಡಿಸಬೇಕಿತ್ತು. ಹುಡುಗಿ ಈಗ ಅವ್ವನ ಭುಜಕ್ಕೆ ಬಂದಿದ್ದಾಳೆ. ಕಿವುಡ ಮಕ್ಕಳ ಶಾಲೆಗೆ ಹೋಗುತ್ತಾಳೆ, ಚಿತ್ರ ಚೆಂದ ತೆಗೆಯುತ್ತಾಳೆ, ಕೈಸನ್ನೆಯಲ್ಲಿ ಅವ್ವನನ್ನೇ ಗೇಲಿ ಮಾಡುತ್ತಾಳೆ. ಅಕ್ಕನೂ ಆ ಸನ್ನೆ ಕಲಿತಿದ್ದಾಳೆ, ಗಂಡ ಅರ್ಧಮರ್ಧ ಕಲಿತಿದ್ದಾನಂತೆ.

ಅರ್ಜಿಯಲ್ಲಿ ಈಮೇಲ್ ಖಾನೆ ಬಂತು. ಹುಡುಗಿಯ ಹೆಸರಿನಲ್ಲೇ ಹೊಸದು ಮಾಡಿ, ಅಕ್ಕನ ಫೋನಿನಲ್ಲಿ ಕೂಡಿಸಿದೆ. ಸ್ಪ್ಯಾಮ್ ಎಲ್ಲಿರುತ್ತದೆ, ಅದನ್ನು ಹೇಗೆ ತೆರೆಯಬೇಕು, ಅಲ್ಲಿ ಬಿದ್ದದ್ದನ್ನು ಒಳಗೆ ಹೇಗೆ ತರಬೇಕು, ಎಲ್ಲ ಹುಡುಗಿಗೇ ಕೈಹಿಡಿದು ತೋರಿಸಿದೆ. ಒಂದೇ ಸಲಕ್ಕೆ ಕಲಿತಳು.

"ಇದನ್ನ ಇನ್ನ ನಾವ ನೋಡ್ಕೋಬಹುದೇನ್ರಿ?" ಅಂದಳು ಅಕ್ಕ.

"ನೀವ ನೋಡ್ಬೇಕು. ಯಾರನ್ನೂ ಕೇಳಾಕ ಹೋಗಬ್ಯಾಡ."

ಅಕ್ಕ ಫೋನನ್ನು ಸೆರಗಿನ ತುದಿಯಿಂದ ಒರೆಸಿ ಚೀಲಕ್ಕೆ ಹಾಕಿಕೊಂಡಳು. "ಸಾಹೇಬ್ರ ವರ್ಷದ್ದು ಬಂತಂತಲ್ಲ. ಪಾಪ, ಕೆಟ್ಟಾಂವ ಏನಲ್ಲ."

"ಅಕ್ಕಾ, ನಿನಗ ಸಿಟ್ಟ ಬರೂದಿಲ್ಲೇನ?"

"ಬರ್ತದವಾ. ದಿನಾ ಬರ್ತದ. ಆಕಿ ಅತ್ತಾಗ ಯಾಕಳಾಕತ್ತಾಳ ಅಂತ ತಿಳೀದ ಹ್ವಾದಾಗ ಬಾಳ ಬರ್ತದ. ಆದ್ರ ಅಂವ ಸತ್ತಾನ, ನಾ ರೊಟ್ಟಿ ಬಡೀಬೇಕಲ್ಲ."

ಕಾಗದ ಎಲ್ಲ ಜೋಡಿಸಿ ಕೊಟ್ಟೆ. ಹೋದರು. ಹುಡುಗಿ ಮುಂದೆ, ಅಕ್ಕ ಹಿಂದೆ ಯಾರದೋ ಜೊತೆ ಮಾತಾಡುತ್ತ. ಆಗ ನೋಡಿದರೆ ಹುಡುಗಿಯ ಹಳೆಯ ಕಾರ್ಡು ಜೆರಾಕ್ಸ್ ಯಂತ್ರದ ಮುಚ್ಚಳದ ಕೆಳಗೇ ಉಳಿದಿತ್ತು. ತೆಗೆದುಕೊಂಡು ಬಾಗಿಲಿಗೆ ಓಡಿ ಅವಳ ಹೆಸರು ಹಿಡಿದು ಕೂಗಿದೆ. ನನ್ನ ದನಿ ದೊಡ್ಡದು, ಸಿಟ್ಟಿನಲ್ಲಿ ಇನ್ನೂ ದೊಡ್ಡದಾಗಿತ್ತು. ಅಕ್ಕ ತಿರುಗಿದಳು, ಎದುರಿನ ಹೋಟೆಲಿನವನು ತಿರುಗಿದ, ಆಟೋದವರು ತಿರುಗಿದರು, ಶಾಲೆ ಬಿಟ್ಟು ಹೋಗುತ್ತಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು. ಅವಳೊಬ್ಬಳು ತನ್ನ ಪಾಡಿಗೆ ನಡೆದುಹೋಗುತ್ತಿದ್ದಳು.